ಅಕ್ಕನನ್ನು ಎಬ್ಬಿಸುವ ಪೆಟ್ಟಿಗೆ

ಪೆಟ್ಟಿಗೆ ಮೂರನೆಯ ಸಲವೂ ಕೂಗಿ ಸುಮ್ಮನಾಯಿತು. ಅಕ್ಕ ಮಗ್ಗುಲು ಬದಲಾಯಿಸಿದಳು, ಅಷ್ಟೆ. ಬೀದಿಯ ನಾಯಿ ಎದ್ದು ಬೊಗಳಿತ್ತು, ಎದುರು ಮನೆಯ ಕಿಟಕಿ ತೆರೆದುಕೊಂಡಿತ್ತು. ಹೊಲಿಗೆ ಅಂಗಡಿಯ ಮೂಲೆಯ ಮಂಚದ ಮೇಲೆ ಮಲಗಿದ್ದ ಅಕ್ಕ ಮಾತ್ರ ಏಳಲಿಲ್ಲ.

"ಇದಕ್ಕಿಂತ ಜೋರಾಗಿ ಕೂಗೋ ಪೆಟ್ಟಿಗೆ ನಮ್ಮ ಹತ್ರ ಇಲ್ಲ," ಎಂದಳು ನೆರೆ ಮುನ್ಸೂಚನೆಯ ಕಚೇರಿಯಿಂದ ಬಂದಿದ್ದ ಹುಡುಗಿ. ಅಂಗೈಯಗಲದ ಆ ಪೆಟ್ಟಿಗೆಗಳನ್ನು ಹಳ್ಳದ ದಂಡೆಯ ಮನೆಗಳಿಗೆ ಹಂಚಿ, ಪರೀಕ್ಷಿಸಿ ಹೋಗುವುದು ಅವಳ ಕೆಲಸ. ಬೆಟ್ಟದ ಬುಡದಲ್ಲಿ ಹಳ್ಳ ಏರಿದ ಕೂಡಲೇ ಪೆಟ್ಟಿಗೆ ಇಲ್ಲಿ ಕೂಗಿಕೊಳ್ಳುತ್ತದೆ. ಅಲ್ಲಿಂದ ಇಪ್ಪತ್ತು ನಿಮಿಷಕ್ಕೆ ನೀರು ಬೀದಿಯಲ್ಲಿರುತ್ತದೆ. ಹೋದ ವರ್ಷ ಅದು ಈ ಅಂಗಡಿಯ ಕಿಟಕಿಯ ಮಟ್ಟಕ್ಕೆ ಬಂದಿತ್ತು.

"ನಿಮ್ಮಕ್ಕ ಯಾವಾಗಲೂ ಹೀಗೇನಾ?"

"ಭಾವ ತೀರಿಕೊಂಡ ಮೇಲೆ ಹೀಗೆ," ಎಂದ ತಮ್ಮ, ಗೋಡೆ ಹಿಡಿದು ನಿಂತು. "ರಾತ್ರಿಯೆಲ್ಲ ಕಣ್ಣು ಮುಚ್ಚೋಲ್ಲ. ಮಧ್ಯಾಹ್ನ ಮಲಗಿದ್ರೆ ಹೊತ್ತುಕೊಂಡು ಹೋದ್ರೂ ಗೊತ್ತಾಗೋಲ್ಲ. ಮಹಡಿ ಮೇಲೆ ನನ್ನ ಮನೆಗೆ ಬಂದು ಮಲಗು ಅಂದ್ರೆ ಮಿಷನ್ ಬಿಟ್ಟು ಬರೋಲ್ಲ ಅಂತಾಳೆ. ನನ್ನ ಮಂಡಿ ನೋಡಿ. ಈ ಹದಿನಾರು ಮೆಟ್ಟಿಲು ಇಳಿಯೋಕೆ ನನಗೆ ಅರ್ಧ ಗಂಟೆ ಬೇಕು. ನೀರೇ ಮೊದಲು ಬರುತ್ತೆ."

ಪೆಟ್ಟಿಗೆಯಲ್ಲಿ ಇನ್ನೊಂದು ಅನುಕೂಲವಿತ್ತು. ಸೈರನ್ನಿನ ಬದಲು ಮನೆಯವರ ದನಿಯನ್ನೇ ತುಂಬಿಡಬಹುದು, ಹತ್ತು ಸೆಕೆಂಡು. ಗುರುತಿನ ದನಿಗೆ ಜನ ಬೇಗ ಏಳುತ್ತಾರೆ ಎಂದು ಹುಡುಗಿ ಹೇಳಿದಳು. ತಮ್ಮ ಗಂಟಲು ಸರಿಮಾಡಿಕೊಂಡು, "ಅಕ್ಕಾ, ಏಳು, ಬಂತು, ಬಂತು," ಎಂದ. ಪೆಟ್ಟಿಗೆ ಅದನ್ನೇ ಇಡೀ ಬೀದಿಗೆ ಕೇಳುವಂತೆ ಸಾರಿತು.

"ಬಂದ್ರೆ ಕೂರಿಸು," ಎಂದಳು ಅಕ್ಕ ನಿದ್ದೆಯಲ್ಲೇ. "ಬಟ್ಟೆ ನಾಳೆ ಕೊಡ್ತಾಳಂತೆ ಅನ್ನು."

ಹುಡುಗಿ ಮುಖ ತಿರುಗಿಸಿಕೊಂಡು ನಕ್ಕಳು. ತಮ್ಮ ನಗಲಿಲ್ಲ. ಹೋದ ವರ್ಷ ಮೂರನೆಯ ಮನೆಯ ಮುದುಕ ನಿದ್ದೆಯಲ್ಲೇ ನೀರಿನ ಪಾಲಾಗಿದ್ದ.

ಅವನ ಕಣ್ಣು ಮೇಜಿನ ಕಡೆ ಹೋಯಿತು. ಅಲ್ಲಿ ಅಕ್ಕನ ದೊಡ್ಡ ಕತ್ತರಿ ಬಟ್ಟೆಯ ತುಂಡಿನಲ್ಲಿ ಬೆಚ್ಚಗೆ ಸುತ್ತಿಕೊಂಡು ಮಲಗಿತ್ತು. ಬಟ್ಟೆಯ ಕತ್ತರಿಯನ್ನು ಕಾಗದಕ್ಕೆ ತಾಗಿಸಿದರೆ ಅಲಗು ಮೊಂಡಾಗುತ್ತದೆ. ಆ ತಪ್ಪು ಮಾಡಿ ಅಕ್ಕನ ಬಾಯಿಗೆ ಸಿಕ್ಕಿದವರು ಇನ್ನೊಮ್ಮೆ ಅಂಗಡಿಯ ಕಡೆ ತಲೆ ಹಾಕುತ್ತಿರಲಿಲ್ಲ. ತಮ್ಮ ಪೆಟ್ಟಿಗೆಯನ್ನು ತುಟಿಯ ಹತ್ತಿರ ಹಿಡಿದು ಮೆಲ್ಲನೆ ಹೇಳಿದ: "ಅಕ್ಕಾ, ನಿನ್ನ ದೊಡ್ಡ ಕತ್ತರೀಲಿ ಪೇಪರ್ ಕತ್ತರಿಸ್ತಾ ಇದ್ದೀನಿ."

ಪೆಟ್ಟಿಗೆ ಆ ಮಾತನ್ನು ಮುಗಿಸುವುದರೊಳಗೆ ಅಕ್ಕನ ಕಾಲು ನೆಲದ ಮೇಲಿತ್ತು. "ಯಾರದು? ಕೈ ಮುರಿದು ಹಾಕ್ತೀನಿ." ಅವಳು ಕತ್ತರಿಯನ್ನು ಬಿಚ್ಚಿ ಬೆಳಕಿಗೆ ಹಿಡಿದಳು, ಒಂದು ಎಳೆ ದಾರ ಕತ್ತರಿಸಿ ನೋಡಿದಳು, ಆಮೇಲೆ ಇಬ್ಬರನ್ನೂ ನೋಡಿದಳು.

"ನಾಲ್ಕು ಸೆಕೆಂಡು," ಎಂದು ಹುಡುಗಿ ಬರೆದುಕೊಂಡಳು. "ಈ ಬೀದೀಲೇ ಎಲ್ಲರಿಗಿಂತ ಬೇಗ ಎದ್ದವರು ನೀವು, ಅಮ್ಮ."

"ಇದು ಊರಿಗೆಲ್ಲ ಕೇಳಿಸಬೇಕಾ? ನನ್ನ ಮಾನ ತೆಗೆಯೋಕೆ ಸರ್ಕಾರದವರು ಪೆಟ್ಟಿಗೆ ಬೇರೆ ಕೊಡ್ತಾರಾ?"

"ಮಾನ ಮುಳುಗೋಲ್ಲ, ಅಕ್ಕ. ನೀನು ಮುಳುಗ್ತೀಯ," ಎಂದ ತಮ್ಮ. "ದೇವರಾಣೆ, ಅದನ್ನ ಅಳಿಸಬೇಡ."

ಅಕ್ಕ ಸಂಜೆಯವರೆಗೆ ಗೊಣಗಿದಳು. ಅಳಿಸಲಿಲ್ಲ.

ಎಂಟು ದಿನ ಕಳೆದ ಮೇಲೆ, ಬೀದಿಯಲ್ಲಿ ಒಳ್ಳೆಯ ಬಿಸಿಲಿದ್ದ ಒಂದು ಮಧ್ಯಾಹ್ನ, ಕೆಳಗೆ ಪೆಟ್ಟಿಗೆ ಮಾತಾಡತೊಡಗಿತು. ಬೆಟ್ಟದ ಮೇಲೆ ಮಾತ್ರ ಕಪ್ಪು ಮೋಡ ಕವಿದಿತ್ತು. ತಮ್ಮ ಮಹಡಿಯ ಮೆಟ್ಟಿಲ ತುದಿಯಲ್ಲಿ ಕಂಬಿ ಹಿಡಿದು ನಿಂತು, ತನ್ನದೇ ದನಿ ಕತ್ತರಿಯ ಸುದ್ದಿಯನ್ನು ಸಾರುವುದನ್ನು ಕೇಳುತ್ತ ದೇವರನ್ನು ನೆನೆದ. ಒಂದು ಸಲ ಸಾರಿತು. ಎರಡು ಸಲ. ಮೂರನೆಯ ಸಲಕ್ಕೆ ಮೆಟ್ಟಿಲ ಮೇಲೆ ಹೆಜ್ಜೆಗಳು ದಡದಡನೆ ಬಂದವು.

ಅಕ್ಕನ ತಲೆ ಕೆದರಿತ್ತು. ಒಂದು ಕೈಯಲ್ಲಿ ಕತ್ತರಿ, ಇನ್ನೊಂದು ಕೈಯಲ್ಲಿ ಪೆಟ್ಟಿಗೆ. ತಮ್ಮನ ಬರಿಗೈಗಳನ್ನು ನೋಡಿ ಬಾಗಿಲಲ್ಲೇ ನಿಂತಳು. ಆಗ ಅವಳಿಗೆ ಪೂರ್ತಿ ಎಚ್ಚರವಾಯಿತು. ಕಿಟಕಿಯ ಬಳಿ ಹೋಗಿ ಕುಳಿತಳು. ಸ್ವಲ್ಪ ಹೊತ್ತಿಗೆ ಕಂದು ನೀರು ತಿರುವಿನಿಂದ ಬಂದು, ಬೀದಿಯನ್ನು ತುಂಬಿ, ಅಂಗಡಿಯ ಬಾಗಿಲನ್ನು ನೂಕಿಕೊಂಡು ಒಳಗೆ ಹೋಯಿತು. ಮಂಚ ಗೋಡೆಗೆ ಬಡಿಯುವ ಸದ್ದು ಮೇಲಿನವರೆಗೂ ಕೇಳಿಸಿತು.

"ಬೈಯಿ, ಅಕ್ಕ," ಎಂದ ತಮ್ಮ. "ಬೈಯೋಕೆ ತಾನೆ ಅಷ್ಟು ಜೋರಾಗಿ ಓಡಿ ಬಂದೆ?"

"ನಿನ್ನನ್ನ ಬೈಯೋಕೆ ಎದ್ದದ್ದಲ್ಲ ನಾನು."

ತಮ್ಮನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಪತ್ರಿಕೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಅದೇ ಕತ್ತರಿಯಿಂದ ಕದ್ದು ಕತ್ತರಿಸಿಡುತ್ತಿದ್ದ ಮನುಷ್ಯ ಈ ಮನೆಯಲ್ಲಿ ಒಬ್ಬರೇ ಇದ್ದರು.

ಅಕ್ಕನ ಮಡಿಲಲ್ಲಿ ಪೆಟ್ಟಿಗೆ ಇನ್ನೂ ಅದನ್ನೇ ಹೇಳುತ್ತಿತ್ತು. ಅವನು ನಿಲ್ಲಿಸಲು ಕೈ ಚಾಚಿದ. ಅವಳು ಪೆಟ್ಟಿಗೆಯ ಮೇಲೆ ಅಂಗೈ ಮುಚ್ಚಿದಳು.

"ನಿನಗೆ ಕಳ್ಳತನವೂ ನೆಟ್ಟಗೆ ಬರೋಲ್ಲ," ಎಂದಳು, ನೀರಿನಿಂದ ಕಣ್ಣು ತೆಗೆಯದೆ. "ನಿನ್ನ ಭಾವ ಕತ್ತರಿಸಿ ಮುಗಿಸೋವರೆಗೂ ಬಾಯಿ ಬಿಡ್ತಿರಲಿಲ್ಲ."