ರಕ್ತಕ್ಕೆ ನೆನಪಿಲ್ಲದ್ದು

ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಂತೆ ಮುನಿರತ್ನಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಏನು ನೋಡ್ತೀರಿ ಮೇಡಂ ಇದ್ರಲ್ಲಿ?"

"ಕೊರೊನಾ ಬಂದು ಹೋಗಿ ನಾಲ್ಕು ವರ್ಷ ಆಯ್ತಲ್ಲಕ್ಕಾ. ನಿಮ್ಮ ರಕ್ತ ಅದನ್ನ ಇನ್ನೂ ನೆನಪಿಟ್ಕೊಂಡಿದ್ಯಾ ಅಂತ," ಎಂದು ಸಂಶೋಧನಾ ತಂಡದ ಶ್ವೇತ, ಮಗ್ಗಗಳ ಗದ್ದಲದಲ್ಲಿ ಅವಳ ಕಿವಿಯ ಬಳಿ ಬಾಗಿ, ಮಾಸ್ಕಿನೊಳಗಿಂದಲೇ ಕೂಗಿದಳು.

ಮುನಿರತ್ನಮ್ಮ ಖಾಲಿ ಸೀಸೆಯನ್ನೇ ನೋಡಿದಳು. ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಗುಟ್ಟು ಇನ್ನು ಸೀಸೆಯಲ್ಲಿ ಕೂತು ಬೆಂಗಳೂರಿಗೆ ಹೊರಡುತ್ತದಲ್ಲ! ಆಗ ಅತ್ತೆ ಬೇಡವೆಂದರೂ ತೂಬಗೆರೆಯ ಅಕ್ಕನ ಮನೆಗೆ ಹೋಗಿದ್ದಳು. ಗಂಟಲು ಕೆರೆತ ಹೊತ್ತು ಬಂದು, ತುಟಿಪಿಟಕ್ಕೆನ್ನದೆ ಗಂಡ ವೇಣುಗೋಪಾಲನಿಗೆ ಬಡಿಸಿದ್ದಳು. ಹದಿನೈದೇ ದಿನ, ಅವನು ಇರಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು. ದೊಡ್ಡಬಳ್ಳಾಪುರದ ಆ ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ಲಾಕ್‌ಡೌನಿನಲ್ಲೂ ಹೀಗೇ ಇತ್ತು, ಆಕಾಶದಲ್ಲಿ ವಿಮಾನ ಕೂಡ ಇರಲಿಲ್ಲ. ಅವಳ ಕನಸಿನಲ್ಲಿ ಈಗಲೂ ಅದೇ ಮೌನ. ವೇಣು ಮಗ್ಗದ ಮುಂದೆ ನಿಂತಿರುತ್ತಾನೆ. ಸೀರೆ ಸದ್ದಿಲ್ಲದೆ ಉದ್ದವಾಗುತ್ತಾ ಹೊಸಿಲು ದಾಟಿ ಬೀದಿಗೆ ಹರಿಯುತ್ತದೆ. ಅವನು ತಿರುಗಿ ಏನೋ ಕೇಳುತ್ತಾನೆ. ದನಿಯಿಲ್ಲ. ಆದರೆ ಮಗ್ಗದ ಗದ್ದಲದಲ್ಲಿ ತುಟಿ ನೋಡಿಯೇ ಮಾತು ಹಿಡಿಯುವ ಮನೆ ಅದು, ಅವಳಿಗೆ ತಿಳಿಯುತ್ತದೆ: ಮೊದಲು ಯಾರಿಗೆ ಬಂತು?

"ಯಾರಿಂದ ಬಂತು ಅಂತಾನೂ ಗೊತ್ತಾಗುತ್ತಾ?" ಮುನಿರತ್ನಮ್ಮ ಪಿಸುಗುಟ್ಟಿದಳು.

"ಅಯ್ಯೋ, ಇಲ್ಲಕ್ಕಾ!" ಮಗ್ಗದ ಮೇಲೆ ತೂಗುತ್ತಿದ್ದ, ತೂತು ಕೊರೆದ ಡಿಸೈನ್ ರಟ್ಟುಗಳನ್ನು ಶ್ವೇತ ತೋರಿಸಿದಳು. "ಸೀರೇಲಿ ಹೂವು ಹೆಂಗ್ ಬರ್ಬೇಕು ಅಂತ ಆ ರಟ್ಟಿಗೆ ಗೊತ್ತು. ತನ್ನನ್ನ ತಂದು ಕಟ್ಟಿದೋರು ಯಾರು ಅಂತ ಗೊತ್ತಾ? ರಕ್ತಕ್ಕೂ ಅಷ್ಟೇ. ವೈರಸ್ಸಿನ ಗುರುತು ಮಾತ್ರ."

ಮುನಿರತ್ನಮ್ಮ ಕೈ ಚಾಚಿದಳು. ಪಾರಾದೆ ಅನ್ನಿಸಿತು. ಪಾರಾದದ್ದಕ್ಕೆ ನಾಚಿಕೆಯೂ ಆಯಿತು.

ಬಾಗಿಲ ಬಳಿ ಕೂತಿದ್ದ ಅತ್ತೆ ಕದಿರಮ್ಮ ಎದ್ದು ಬಂದರು. ಅವರ ಕಿವಿಯನ್ನು ಮಗ್ಗದ ಸದ್ದು ಎಂದೋ ತಿಂದುಹಾಕಿತ್ತು. ಸೊಸೆಯ ತುಟಿಯ ಮೇಲಿನ ಪ್ರಶ್ನೆ ಕಂಡಿತ್ತು, ಶ್ವೇತಳ ಮಾಸ್ಕಿನ ಹಿಂದಿನ ಉತ್ತರ ಕಂಡಿರಲಿಲ್ಲ.

"ನಂದೂ ತಗೋ ತಾಯಿ," ಎಂದು ಒಣಗಿದ ತೋಳು ಒಡ್ಡಿದರು. "ಯಾರಿಂದ ಬಂತು ಅಂತ ಅದ್ರಲ್ಲೇ ಗೊತ್ತಾಗ್ಲಿ. ಆಗ ಎದುರುಮನೆ ಮುನಿತಾಯಮ್ಮ ಜ್ವರ ಬಂದು ಮಲ್ಗಿದ್ಲು, ಕದ್ದು ಹೋಗಿ ಗಂಜಿ ಕೊಟ್ಟು ಬಂದಿದ್ದೆ. ನನ್ ಮಗನ್ನ ನಾನೇ ತಿಂದ್ಕೊಂಡೆ ಕಣೇ ರತ್ನ. ನಿನ್ ಮುಖ ನೋಡಿ ಹೇಳಕ್ಕೆ ಬಾಯೇ ಬರ್ಲಿಲ್ಲ."

ಮುನಿರತ್ನಮ್ಮನ ಕಣ್ಣು ತುಂಬಿ ಬಂತು. ಆ ಕೈಯನ್ನು ಹಿಡಿದು, ಅತ್ತೆಯ ಕಿವಿಗೆ ಬಾಯಿಟ್ಟು ಕೂಗಿದಳು: "ಅದೊಂದು ಮಾತ್ರ ರಕ್ತಕ್ಕೆ ನೆನಪಿರಲ್ವಂತೆ ಅತ್ತೆ!"

ಕರೆಂಟು ಬಂತು. ಬೀದಿಯ ಮಗ್ಗಗಳೆಲ್ಲ ಒಮ್ಮೆಲೇ ಗದ್ದಲವೆಬ್ಬಿಸಿದವು. ಆ ಗದ್ದಲದೊಳಗೆ ಮುನಿರತ್ನಮ್ಮ ತೂಬಗೆರೆಯ ವಿಷಯವನ್ನೆಲ್ಲ ಹೇಳಿದಳು. ಒಂದಕ್ಷರವೂ ಕೇಳಿಸುವಂತಿರಲಿಲ್ಲ. ಕದಿರಮ್ಮ ಅವಳ ತುಟಿಯನ್ನೇ ನೋಡುತ್ತಾ ಕೊನೆಯವರೆಗೂ ನಿಂತಿದ್ದರು.

ಆಮೇಲೆ ಅವರ ತುಟಿಯೂ ಸದ್ದಿಲ್ಲದೆ ಆಡಿತು: "ರಕ್ತಕ್ಕೇ ನೆನಪಿಲ್ವಂತೆ. ಬಿಡೇ."