ಎಕೋ ಪೆಟ್ಟಿಗೆಯೂ ದೊಡ್ಡವ್ವನ ಹಲ್ಲೂ

"ದೊಡ್ಡವ್ವಾ, ಸೀನು ಬಂದ್ರ ಕೈ ಎತ್ತು, ಮೈಕ್ ಬಂದ್ ಮಾಡ್ತೇನಿ," ಎಂದು ವೀರೇಂದ್ರ ಹೇಳಿ ಮುಗಿಸುವುದರೊಳಗೆ ಫಕ್ಕೀರವ್ವ ಸೀನಿಬಿಟ್ಟಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳ ನಡುವೆ ಸ್ಟುಡಿಯೋ ಕಟ್ಟಿದ ಜಾಣ ಬಹುಶಃ ಅವನೊಬ್ಬನೇ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ಗೋಡೆಗುಂಟ ಚೀಲ ಒಟ್ಟಿದರೆ ಹೊರಗಿನ ಸದ್ದು ಒಳಗೆ ಬರುವುದಿಲ್ಲ ಎಂಬ ಅವನ ಲೆಕ್ಕವೇನೋ ಸರಿಯಾಗಿತ್ತು. ಒಳಗೆ ಕೂತವರು ಸೀನುತ್ತಾರೆ ಎಂಬುದೊಂದು ಹೊಳೆದಿರಲಿಲ್ಲ.

ಮರುದಿನ ಹಾವೇರಿಯಲ್ಲಿ ಫಕ್ಕೀರವ್ವನ ಉಳಿದ ಹಲ್ಲುಗಳನ್ನೆಲ್ಲ ಕೀಳುವವರಿದ್ದರು. ತಾಯಿಯಿಲ್ಲದ ವೀರೇಂದ್ರನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದ ದೊಡ್ಡವ್ವ ಅವಳು. ಅವಳ ಮುಂದಿನ ಹಲ್ಲುಗಳ ನಡುವೆ ಒಂದು ಸಂದು. 'ಸಂಜಿ ಸೂರ್ಯಾ ಸರದಾನ, ಸುಮ್ಮನ ಮಲಗೋ ಸರದಾರ' ಎಂದು ಜೋಗುಳ ಹಾಡುವಾಗ ಆ ಸಂದಿನಿಂದ ಸಣ್ಣಗೆ ಸಿಳ್ಳೆ ಹೊರಡುತ್ತಿತ್ತು. ನಲವತ್ತು ದಾಟಿ, ನೆತ್ತಿ ಬೋಳಾಗುತ್ತ ಬಂದರೂ, ಆ ಸಿಳ್ಳೆ ಕೇಳಿದರೆ ವೀರೇಂದ್ರನ ಕಣ್ಣುಗಳು ತಾವಾಗಿ ಮುಚ್ಚುತ್ತಿದ್ದವು. ಅದನ್ನು ಹಿಡಿದಿಟ್ಟುಕೊಳ್ಳಲು ಉಳಿದದ್ದು ಇದೊಂದೇ ಮಧ್ಯಾಹ್ನ.

ರಾಣೆಬೆನ್ನೂರಿನಲ್ಲಿ ಮದುವೆ ವಿಡಿಯೋ ಮಾಡುವ ಗೆಳೆಯ ಫಿರೋಜ್ ಸಹಾಯಕ್ಕೆ ಬಂದಿದ್ದ. ಲ್ಯಾಪ್‌ಟಾಪ್ ತೆರೆದು, "ಬರೀ ದನಿ ಹಿಡಿ ವೀರಣ್ಣ. ಎಕೋ-ಗಿಕೋ ಆಮ್ಯಾಲೆ ಇದರಾಗ ಪ್ಲಗಿನ್ ಅಂತ ಸಾಫ್ಟ್‌ವೇರ್ ಅದಾವ, ಅದರಾಗ ಹಾಕೂಣು. ಬ್ಯಾಡ ಅನಿಸಿದ್ರ ತಗದು ಒಗದ್ರಾತು," ಎಂದ.

"ತಗದು ಒಗಿಯಾಕ ಬರೂದು ಎಂಥಾ ಸಾಮಾನೋ? ಕೈಯಾಗ ಹಿಡದು ನೋಡಾಕೂ ಬರೂದಿಲ್ಲ," ಎಂದು ವೀರೇಂದ್ರ, ದನಿಗೆ ಮಾರ್ದನಿ ಕೂಡಿಸುವ ತನ್ನ ಕಬ್ಬಿಣದ ಎಕೋ ಪೆಟ್ಟಿಗೆಯ ಬೆನ್ನು ಚಪ್ಪರಿಸಿದ. ಕಾಯಿಯನ್ನು ಕೈಯಲ್ಲಿ ಹಿಡಿದು, ಮುರಿದು, ಮೂಸಿ ನೋಡದೆ ಚೀಲ ಕೊಂಡವರು ಅವನ ಮನೆತನದಲ್ಲೇ ಇಲ್ಲ. ಪೆಟ್ಟಿಗೆಯೋ ಪ್ಲಗಿನ್ನೋ ಎಂದು ವರ್ಷವಿಡೀ ಮೊಬೈಲಿನಲ್ಲಿ ವಿಡಿಯೋ ನೋಡಿ ತಲೆ ಕೆಡಿಸಿಕೊಂಡವನು ಕೊನೆಗೆ ಹುಬ್ಬಳ್ಳಿಗೆ ಹೋಗಿ, ಹಳೆಯ ಪೆಟ್ಟಿಗೆಯೊಂದನ್ನು ಎತ್ತಿ ತೂಗಿ, ಗುಂಡಿಗಳನ್ನು ತಿರುವಿ, ಅಂಗಡಿಯವನು ಅತ್ತ ತಿರುಗಿದಾಗ ಮೂಸಿಯೂ ನೋಡಿದ್ದ. ವಾಸನೆ ಚೆನ್ನಾಗಿತ್ತು. ತಂದೇಬಿಟ್ಟ.

ಈಗ ಅದನ್ನು ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಸಿಕ್ಕಿಸಿದ. ಫಿರೋಜ್ ಅವನ ಕೈ ಹಿಡಿದ. "ಹಂಗ ಮಾಡಬ್ಯಾಡ. ಎಕೋ ದನಿಯೊಳಗ ಕೂತುಬಿಡ್ತದ. ಆಮ್ಯಾಲೆ ಬಿಡಸಾಕ ಬರೂದಿಲ್ಲ."

"ಬಿಡಸೂದು ಯಾಕ? ಗಳಗನಾಥದ ಗುಡಿಯಾಗ ನಿಂತು ಹಾಡಿದಂಗ ಕೇಳ್ತೈತಿ!" ವೀರೇಂದ್ರ ಹೆಡ್‌ಫೋನ್ ಏರಿಸಿಕೊಂಡು ಗುಂಡಿಯನ್ನು ಇನ್ನಷ್ಟು ತಿರುವಿದ. ದೇವರ ದಯೆ, ಈ ಸಲ ದೊಡ್ಡವ್ವ ಒಮ್ಮೆಯೂ ಸೀನದೆ ಇಡೀ ಜೋಗುಳ ಹಾಡಿದಳು. ಅವಳ ಕಡೆ ನೋಡುವುದಕ್ಕೆ ಅವನಿಗೆ ಪುರುಸೊತ್ತಿರಲಿಲ್ಲ, ಪೆಟ್ಟಿಗೆಯ ಕೆಂಪು ದೀಪ ಕುಣಿಯುವುದನ್ನೇ ನೋಡುತ್ತಿದ್ದ.

ವಸಡು ಮಾಯ್ದು, ಹೊಸ ಹಲ್ಲಿನ ಸೆಟ್ಟು ಬಂದಮೇಲೆ, ಫಿರೋಜನನ್ನೂ ಕರೆಸಿ ಅದೇ ಗೋದಾಮಿನಲ್ಲಿ ವೀರೇಂದ್ರ ಹಾಡು ಹಚ್ಚಿದ. ಫಕ್ಕೀರವ್ವ ಕತ್ತು ವಾಲಿಸಿ ಕೇಳಿದಳು. "ಛಲೋ ಐತಿ. ಯಾರೋ ಹಾಡಾಕತ್ತಾಕಿ?"

"ನೀನಽ ದೊಡ್ಡವ್ವಾ!"

"ನಾನ? ನಾ ಯಾವಾಗ ಬಾವ್ಯಾಗ ಬಿದ್ದಿದ್ದೆ?"

ಫಿರೋಜ್ ನಕ್ಕ. ವೀರೇಂದ್ರನೂ ನಗಲು ಹೋಗಿ ನಿಂತ. ಪೆಟ್ಟಿಗೆಯ ಯಜಮಾನನಾಗಿ ಅಲ್ಲದೆ, ತೊಡೆಯ ಮೇಲೆ ಮಲಗಿದ ಕೂಸಾಗಿ ಅವನು ಆ ರೆಕಾರ್ಡಿಂಗನ್ನು ಕೇಳಿದ್ದು ಅದೇ ಮೊದಲು. ಸಿಳ್ಳೆ ಎಲ್ಲಿ? ಒಂದು ಸಿಳ್ಳೆಯ ಮೇಲೆ ಹತ್ತು ಮಾರ್ದನಿ ಬಿದ್ದು, ಎಲ್ಲ ಸೇರಿ ಬರೀ ಬುಸುಬುಸು. ಫಿರೋಜ್ ಒಂದಾದ ಮೇಲೊಂದು ಪ್ಲಗಿನ್ ಹಾಕಿ ಎಕೋ ತೆಗೆಯಲು ನೋಡಿದ. ಎಕೋದ ಜೊತೆ ದೊಡ್ಡವ್ವನೂ ಹೊರಟುಹೋದಳು.

"ಮದಲಿನ ಬರೀ ದನಿ ಕೊಡು ವೀರಣ್ಣ, ಈಗ ಸರಿ ಮಾಡ್ತೇನಿ."

"ಇದಽ ಮದಲಿಂದು."

ಫಿರೋಜ್ ತಾನು ಹಾಕಿದ ಪ್ಲಗಿನ್‌ಗಳನ್ನು ಒಂದೊಂದಾಗಿ ತೆಗೆದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ ವೀರೇಂದ್ರ ಈಗ ಪೆಟ್ಟಿಗೆಯ ವೈರುಗಳನ್ನೆಲ್ಲ ಕಿತ್ತು, ಮೈಕನ್ನು ನೇರ ಲ್ಯಾಪ್‌ಟಾಪಿಗೆ ಜೋಡಿಸಿದ. "ಇನ್ನೊಮ್ಮೆ ಹಾಡು ದೊಡ್ಡವ್ವಾ. ನಿನ್ನ ಕಾಲಿಗೆ ಬೀಳ್ತೇನಿ."

ಅವಳು ಹಾಡಿದಳು. ಕನ್ನಡ ಶಾಲೆಯ ಅಕ್ಕೋರು ಓದಿಸಿದಂತೆ ಒಂದೊಂದು ಅಕ್ಷರವೂ ಸ್ಪಷ್ಟ, ನಡುನಡುವೆ ಸೆಟ್ಟು ಕಟಕಟ ಎನ್ನುತ್ತಿತ್ತು. 'ಸುಮ್ಮನ ಮಲಗೋ' ಎಂಬಲ್ಲಿ ಅವಳೇ ನಿಂತಳು. ನಾಲಿಗೆ ಆ ಹಳೆಯ ಸಂದನ್ನು ಹುಡುಕುತ್ತಿತ್ತು. ಆಮೇಲೆ ಸೆಟ್ಟನ್ನು ಹೊರಗೆ ತೆಗೆದು ಇನ್ನೊಮ್ಮೆ ಹಾಡಿ ನೋಡಿದಳು. ಬರೀ ಗಾಳಿ ಬಂತು.

"ಘಾಟು ಭಾಳ ಐತಿ ಇಲ್ಲಿ," ಎಂದು ವೀರೇಂದ್ರ ಕಣ್ಣೊರೆಸಿಕೊಂಡ.

ಫಕ್ಕೀರವ್ವ ಹಲ್ಲಿನ ಸೆಟ್ಟನ್ನು ಸೆರಗಿನಲ್ಲಿ ಒರೆಸಿ, ಎಕೋ ಪೆಟ್ಟಿಗೆಯ ಮೇಲಿಟ್ಟಳು. "ಇವನ್ನೂ ಕೈಯಾಗ ಹಿಡದು ನೋಡೇ ತಗೊಂಡೇನಿ ತಮ್ಮಾ. ಗಟ್ಟಿ ಅದಾವ, ಖರೇ. ಆದ್ರ ನನ್ನವಲ್ಲ."