ಕ್ಲಚ್ ಬೇಡ

ಸುಟ್ಟ ಆಯಿಲ್‌ನ ವಾಸನೆ ಬಂದರೆ ಈಗಲೂ ನಾನು ಎದುರಿಗಿರುವವರ ಪಾದ ನೋಡುತ್ತೇನೆ.

ಆಗ ನನಗೆ ಹತ್ತು ವರ್ಷ. ಅಪ್ಪನ ಕ್ಲಚ್ಚಿಲ್ಲದ ಹಳೆಯ ಆಟೊಮ್ಯಾಟಿಕ್ ಕಾರು ಬೆಳ್ಳಾರೆಯ ಗ್ಯಾರೇಜಿನಲ್ಲಿ ಕೆಟ್ಟು ನಿಂತಿತ್ತು. ಮೆಕ್ಯಾನಿಕ್ ಅದ್ದುಚ್ಚ ಗೋಣಿಯ ಮೇಲೆ, ಇಂಥ ಕಾರಿನಲ್ಲಿ ಕ್ಲಚ್ಚಿನ ಕೆಲಸ ಮಾಡುವ ಟಾರ್ಕ್ ಕನ್ವರ್ಟರ್, ಹಳೆಯವು ಎರಡು, ಇಟ್ಟಿದ್ದರು. ಸಕ್ಕರೆ ಕಾಯಿಲೆಯ ಅಪ್ಪನ ಸಕ್ಕರೆಯಿಲ್ಲದ ಚಾ ಪಕ್ಕದಲ್ಲಿ ಆರುತ್ತಿತ್ತು. ಅದ್ದುಚ್ಚ ಒಂದು ಕನ್ವರ್ಟರಿನೊಳಗೆ ಬೆರಳು ಹಾಕಿ ಮೂಸಿದರು, ಆಯಿಲ್ ಸುಟ್ಟಿತ್ತು. ಇನ್ನೊಂದರ ಬೋಲ್ಟಿನ ತೂತುಗಳು ಹೊಂದಲಿಲ್ಲ.

“ಎಲ್ಲರೂ ಮಾಡುದು ಅದೇ ಮಾರಾಯ್ರೆ, ಜೀಪಿನ ಗೇರ್‌ಬಾಕ್ಸ್ ಕೂರಿಸುವ. ಎಡಗಾಲಲ್ಲಿ ಕ್ಲಚ್ ಒತ್ತಿದ್ರೆ ಆಯ್ತು,” ಎಂದರು ಅದ್ದುಚ್ಚ.

“ಕ್ಲಚ್ ಬೇಡ. ಬೇರೆ ಕನ್ವರ್ಟರ್ ಹುಡುಕಿ,” ಎಂದರು ಅಪ್ಪ.

“ಎಂತಕ್ಕೆ ಇಷ್ಟು ಹಟ?”

ಅಪ್ಪ ರಸ್ತೆಯತ್ತ ನಡೆದರು. ಎಡಗಾಲಿನ ಚಪ್ಪಲಿ ಆಯಿಲ್ ಕೆಸರಿನಲ್ಲೇ ಉಳಿದಿತ್ತು. ಅದನ್ನೆತ್ತಿಕೊಂಡು ಹಿಂದೆಯೇ ಓಡಿದೆ. ಅಪ್ಪ ಚೂಪು ಜಲ್ಲಿಯ ಮೇಲೆ ಆ ಬರಿಗಾಲೂರಿ, ಏನೂ ಚುಚ್ಚದವರಂತೆ ಬಸ್ಸಿಗೆ ಕಾಯುತ್ತಿದ್ದರು.

“ಅಪ್ಪ, ಚಪ್ಪಲಿ.”

“ಯಾರದ್ದು ಅದು?” ಎಂದು ಕೇಳಿದರು.